ತಲೆಕೆಳಗಾದ ಶ್ರೀ

"ಇಲ್ಲಿದೆ ನೋಡಿ ಅತ್ತಿಗೆ. ಶ್ರೀಪಾದನ ಮುದ್ರೆ."

ರಮಾಕಾಂತ ಅಕ್ರಿಲಿಕ್ ಪರದೆಯ ಕೆಳಗಿನ ಸಂದಿಯಿಂದ ಕಾಗದವನ್ನು ಇತ್ತ ತಳ್ಳಿದ. ಪೂರ್ತಿ ತಳ್ಳಲಿಲ್ಲ. ಒಂದು ಅಂಚು ಅವನ ಹೆಬ್ಬೆರಳಿನ ಕೆಳಗೇ ಉಳಿಯಿತು.

ತಾರಾ ಕಾಗದದ ಕಡೆ ನೋಡಲಿಲ್ಲ. ಅವಳ ತೊಡೆಯ ಮೇಲೆ ಒಂದು ರಟ್ಟಿನ ಪೆಟ್ಟಿಗೆಯಿತ್ತು. ಗಂಡನ ಮೇಜಿನಿಂದ ತೆಗೆದಿಟ್ಟಿದ್ದ ಸಾಮಾನು: ಒಂದು ಮಗ್ಗು, ಆಫೀಸಿನ ಒಳಗೆ ಹಾಕಿಕೊಳ್ಳುವ ಚಪ್ಪಲಿ, ಅರ್ಧ ಖಾಲಿಯಾದ ಚಟ್ನಿಪುಡಿಯ ಡಬ್ಬಿ. ಆ ಡಬ್ಬಿಯನ್ನು ಅವಳು ಒಳಗೆ ಹಾಕುವಳು, ಮತ್ತೆ ತೆಗೆಯುವಳು.

ಪಕ್ಕದಲ್ಲಿ ಕೂತಿದ್ದ ಜಾಹ್ನವಿ ಕಾಗದದತ್ತ ಬಾಗಿದಳು. ಕ್ಯೋಟೋದಲ್ಲಿ ಗಣಿ ಕಾನೂನಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಅವಳನ್ನು ತಾರಾ ಫೋನ್ ಮಾಡಿ ಕರೆಸಿಕೊಂಡು ವಾರವಾಗಿತ್ತು. ಕೇಳಿಕೊಂಡಿದ್ದು ಒಂದೇ ಮಾತು: 'ಅವರು ಆ ಕಾಗದಕ್ಕೆ ಮುದ್ರೆ ಒತ್ತಿಲ್ಲ ಅಂತ ತೋರಿಸಿಕೊಡು. ನಿಶಾ ದೊಡ್ಡವಳಾದ ಮೇಲೆ ಅವಳಪ್ಪನ ಹೆಸರು ಎಲ್ಲಾದ್ರೂ ಓದಿದ್ರೆ, ಹನ್ನೊಂದು ಜನರನ್ನ ಕೊಂದೋರು ಅಂತ ಓದಬಾರದು.'

ಮುದ್ರೆಯನ್ನು ಬಹುಪಾಲು ಮುಚ್ಚುವಂತೆ ಒಂದು ಹಳದಿ ಚೀಟಿ ಅಂಟಿಸಿತ್ತು. 'ಇಲ್ಲಿ' ಎಂದು ಬಾಣದ ಗುರುತು. ಚೀಟಿಯ ಅಡಿಯಿಂದ ಕೆಂಪು ವೃತ್ತದ ಅಂಚು ಇಣುಕುತ್ತಿತ್ತು, ಅಷ್ಟೆ.

"ತಾರೀಕು ನೋಡಿ," ಎಂದ ರಮಾಕಾಂತ. "ಜನವರಿ ಹದಿನೆಂಟು. ಆಗ ಅವನು ಮನೇಲೇ ಇದ್ದ. ಆಸ್ಪತ್ರೆಗೆ ಹೋಗಿದ್ದು ಇಪ್ಪತ್ತೊಂದಕ್ಕೆ."

"ಮನೇಲಿದ್ರು. ಜ್ವರ ನೂರಾಮೂರಿತ್ತು," ಎಂದಳು ತಾರಾ. "ಎದ್ದು ಬಾತ್‌ರೂಮಿಗೆ ಹೋಗೋಕೂ ಆಗ್ತಿರಲಿಲ್ಲ ರಮಾಕಾಂತ್. ನಾನೂ ಅದೇ ರೂಮಲ್ಲಿ ಬಿದ್ದಿದ್ದೆ. ಆಸ್ಪತ್ರೇಲಿ ಜಾಗ ಇಲ್ಲ, ಮನೇಲೇ ಇರಿ ಅಂದಿದ್ರು."

"ಗೊತ್ತು ಅತ್ತಿಗೆ. ಆದ್ರೆ ಆ ತಿಂಗಳು ಎಲ್ಲರ ಕಾಗದಾನೂ ಮನೆಗೇ ಹೋಗ್ತಿತ್ತು. ಮುದ್ರೆ ಬಿದ್ದು ವಾಪಸ್ ಬರ್ತಿತ್ತು."

"ಯಾರು ತಗೊಂಡು ಹೋಗ್ತಿದ್ರು?" ಜಾಹ್ನವಿ ಕೇಳಿದಳು.

"ಕೊರಿಯರ್‌ನವರು. ಯಾರು ಅಂತ ದಾಖಲೆ ಇಲ್ಲ. ಆಗಿನ ಗಡಿಬಿಡಿ ನಿಮಗೂ ಗೊತ್ತಲ್ಲ."

ಅವನ ಧ್ವನಿಯಲ್ಲಿ ಒರಟುತನವಿರಲಿಲ್ಲ. ಕ್ಯೋಟೋದಲ್ಲಿ ಶ್ರೀಪಾದನೂ ಅವನೂ ಒಂದೇ ಕೋಣೆಯಲ್ಲಿ ನಾಲ್ಕು ವರ್ಷ ಅನ್ನ ಬೇಯಿಸಿಕೊಂಡವರು. ಒಂದೇ ಕಂಪನಿಗೆ ಸೇರಿದವರು. ಈಗ ಶ್ರೀಪಾದನ ಕುರ್ಚಿಯಲ್ಲಿ ಕೂರುತ್ತಿರುವವನೂ ಅವನೇ. ಕನ್ನಡದವರಿಗೆ ಕನ್ನಡದವನೇ ತಿಳಿಸಿ ಹೇಳಲಿ ಎಂದು ಕಂಪನಿ ಈ ಮಿನಾಟೋ ಕಚೇರಿಯ ಹನ್ನೆರಡನೇ ಮಹಡಿಗೆ ಅವನನ್ನು ಕಳಿಸಿತ್ತು.

"ನನಗೆ ಒಂದು ಅರ್ಥ ಆಗ್ತಿಲ್ಲ," ಎಂದಳು ತಾರಾ. "ಗಣಿ ಕಂಪನಿದು. ಕೆಸರು ತಡೆಯೋ ಗೋಡೆ ಕಂಪನಿದು. ಗೋಡೆ ಒಡೀತು, ಕೆಸರು ನುಗ್ಗಿ ಜನ ಸತ್ರು. ಕಂಪನೀನ ಯಾಕೆ ಯಾರೂ ಏನೂ ಕೇಳ್ತಿಲ್ಲ?"

ರಮಾಕಾಂತ ಮಾಸ್ಕ್ ಸರಿಮಾಡಿಕೊಂಡ.

"ಕೇಳೋ ಹಾಗಿಲ್ಲ ತಾರಕ್ಕ," ಎಂದಳು ಜಾಹ್ನವಿ. "ಬೇರೆ ಕಡೆ ಗಣಿ ತೋಡಬೇಕು ಅಂದ್ರೆ ನೀರಿನ ಕಾನೂನು, ಕಾಡಿನ ಕಾನೂನು ಎಲ್ಲ ಪಾಲಿಸಬೇಕು. ಈ ಗಣಿ ಇರೋ ತಲೇರಾ ಪ್ರಾಂತ್ಯದಲ್ಲಿ ಸರಕಾರದವರು ಇವರ ಜೊತೆ ಕೂತು ಒಂದು ಒಪ್ಪಂದ ಬರೆದ್ರು. ಬರೆದು ಸುಮ್ಮನಾಗಲಿಲ್ಲ, ಶಾಸನಸಭೇಲಿ ಇಟ್ಟು ಅದನ್ನೇ ಕಾಯಿದೆ ಮಾಡಿದ್ರು. ಈಗ ಅದು ಬರೀ ಕರಾರಲ್ಲ, ಕಾನೂನು. ಬೇರೆ ಯಾವ ಕಾನೂನು ಅಡ್ಡ ಬಂದ್ರೂ ಇದೇ ಗೆಲ್ಲತ್ತೆ."

"ಸತ್ತವರ ಮನೆಯವರು ಕೋರ್ಟಿಗೆ ಹೋದ್ರೆ?"

"ಒಪ್ಪಂದದಲ್ಲಿ ಇದ್ದ ಹಾಗೇ ಮಾಡಿದೀವಿ ಅಂತಾರೆ. ಅಲ್ಲಿಗೆ ಮುಗೀತು."

ಜಾಹ್ನವಿಯ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಒಬ್ಬ ರಾಜನಿದ್ದ. ಬೆಟ್ಟದ ಭೂತದ ಜೊತೆ ಅವನು ಮಾತು ಮಾಡಿಕೊಂಡು ಅದನ್ನು ಕಲ್ಲಿನಲ್ಲಿ ಕೆತ್ತಿಸಿ, 'ಈ ಕಲ್ಲು ನನಗಿಂತ ದೊಡ್ಡದು' ಎಂದು ಊರ ಬಾಗಿಲಲ್ಲಿ ನಿಲ್ಲಿಸುತ್ತಾನೆ. ಮಗುವನ್ನು ಕಳೆದುಕೊಂಡ ತಾಯಿ ದೂರು ತಂದರೆ ರಾಜ ಕಲ್ಲು ತೋರಿಸುತ್ತಾನೆ, ಭೂತವೂ ಕಲ್ಲು ತೋರಿಸುತ್ತದೆ. ಕೊನೆಗೆ ಇಬ್ಬರೂ ಸೇರಿ ಕಲ್ಲು ಕೆತ್ತಿದ ಆಚಾರಿಯನ್ನು ಊರು ಬಿಡಿಸುತ್ತಾರೆ. ಆ ಕತೆ ಕೇಳಿದ ರಾತ್ರಿಗಳಲ್ಲಿ ಜಾಹ್ನವಿಗೆ ನಿದ್ದೆ ಬರುತ್ತಿರಲಿಲ್ಲ. ಭೂತದ ಭಯಕ್ಕಲ್ಲ, ಆಚಾರಿಯ ಹೆಂಡತಿ ಏನಾದಳು ಎಂದು.

"ಆದ್ರೆ ಆ ಒಪ್ಪಂದದಲ್ಲೇ ಹತ್ತೊಂಬತ್ತನೇ ಕಲಮು ಇತ್ತು ಅಲ್ವಾ ಸರ್?" ಅವಳು ರಮಾಕಾಂತನ ಕಡೆ ತಿರುಗಿದಳು. "ವರ್ಷಾ ವರ್ಷಾ ಮಳೆಗೆ ಮುಂಚೆ ಗೋಡೆ ಪರೀಕ್ಷೆ ಆಗಬೇಕು, ಗೋಡೆ ನೆನೆದಿದ್ರೆ ಗಣಿ ನಿಲ್ಲಿಸಬೇಕು ಅಂತ. ಪರೀಕ್ಷೆ ಮಾಡ್ತಿದ್ದೋರು ಶ್ರೀಪಾದಣ್ಣ."

"ಹೌದು."

"ಆ ಕಲಮನ್ನ ತೆಗೆದು ಹಾಕಿದ್ರಿ."

"ಸರಕಾರ ತೆಗೀತು. ಮಂತ್ರಿಗಳು ತಿದ್ದುಪಡಿಗೆ ಸಹಿ ಹಾಕಿದ್ರು, ಸಭೆಯ ಮುಂದೆ ಇಟ್ರು, ಗಡುವಿನೊಳಗೆ ಯಾರೂ ಬೇಡ ಅನ್ನಲಿಲ್ಲ. ತಾನಾಗೇ ಕಾನೂನಾಯ್ತು."

"ಕೊರೋನಾ ಕಾಲ. ಸಭೇಲಿ ಬೇಡ ಅನ್ನೋಕೆ ಎಷ್ಟು ಜನ ಇದ್ರು?"

"ಅದು ನನಗೆ ಗೊತ್ತಿಲ್ಲ ಜಾಹ್ನವಿ. ಪರೀಕ್ಷಕರೇ ಬರೆದುಕೊಟ್ಟರೆ ಮಾತ್ರ ಆ ಕಲಮು ತೆಗೀಬಹುದು ಅಂತಿತ್ತು. ಇನ್ನು ಪರೀಕ್ಷೆ ಬೇಕಾಗಿಲ್ಲ, ಗೋಡೆ ಗಟ್ಟಿ ಇದೆ ಅಂತ ಶ್ರೀಪಾದ ಮುದ್ರೆ ಒತ್ತಿಕೊಟ್ಟ. ಸರಕಾರ ಕಂಪನೀನ ನಂಬಿತು. ಕಂಪನಿ ಶ್ರೀಪಾದನ್ನ ನಂಬಿತು."

"ಶ್ರೀಪಾದಣ್ಣ ಯಾರನ್ನ ನಂಬಿದ್ರು?"

ಪರದೆಯ ಆಚೆ ಅವನ ಕಣ್ಣು ಒಮ್ಮೆ ಮಿಟುಕಿತು.

"ಅವರು ಬರೆದುಕೊಡಲ್ಲ ಅಂತ ನಾಲ್ಕು ತಿಂಗಳಿಂದ ಹಟ ಹಿಡಿದಿದ್ರು," ತಾರಾಳ ಧ್ವನಿ ತಗ್ಗಿತು. "ನಿಮ್ಮ ಮುಂದೇನೇ ಹೇಳಿದ್ರು. ನಮ್ಮನೇಲಿ, ಗಣೇಶನ ಹಬ್ಬದ ದಿನ. 'ಆ ಗೋಡೆ ಕಾಲು ನೆನೆಸಿಕೊಂಡು ನಿಂತಿದೆ ಕಣೋ ರಮಾಕಾಂತ' ಅಂದ್ರು. ನೀವು ಕಡುಬು ತಿಂತಾ ಕೇಳಿಸ್ಕೊಂಡ್ರಿ."

"ಜ್ವರದಲ್ಲಿ ಮನಸ್ಸು ಬದಲಾಗಿರಬಹುದು." ಅವನು ನಿಧಾನವಾಗಿ ಹೇಳಿದ. "ನೋಡಿ ಅತ್ತಿಗೆ, ಸೋಮವಾರ ವಿಚಾರಣಾ ಸಮಿತಿ ಕೂರತ್ತೆ. ವರದಿಯಲ್ಲಿ ಅವನ ಹೆಸರು ಒಂದು ಸಾಲು ಬರತ್ತೆ. ಹೋದವನಿಗೆ ಅದರಿಂದ ಏನೂ ಆಗಲ್ಲ. ಇರೋರು ನೀವು, ಮಗು. ಕಂಪನಿ ನಿಮ್ಮ ವೀಸಾ, ಮನೆ ಎಲ್ಲ ಇನ್ನೊಂದು ವರ್ಷ ನೋಡ್ಕೊಳ್ಳತ್ತೆ. ಸುಮ್ಮನೆ ಎಳೀಬೇಡಿ."

ಸರಕಾರಕ್ಕೆ ಕಾಯಿದೆ ಇದೆ, ಕಂಪನಿಗೂ ಅದೇ ಕಾಯಿದೆ ಇದೆ. ಹೊರಗೆ ಉಳಿದವನು ಒಬ್ಬನೇ, ಮಾತಾಡಲಾರದವನು.

"ಈ ಚೀಟಿ ಸ್ವಲ್ಪ ತೆಗೀತೀರಾ?" ಎಂದಳು ಜಾಹ್ನವಿ.

"ಯಾಕೆ?"

"ಮುದ್ರೆ ಪೂರ್ತಿ ಕಾಣ್ತಿಲ್ಲ."

ಅವನು ಒಂದು ಕ್ಷಣ ತಡೆದ. ಆಮೇಲೆ ಹಳದಿ ಚೀಟಿ ಕಿತ್ತು ತನ್ನ ಬೆರಳಿಗೇ ಅಂಟಿಸಿಕೊಂಡು ಕಿಟಕಿಯ ಕಡೆ ನೋಡಿದ.

ಕೆಂಪು ವೃತ್ತ. ಒಳಗೆ ಒಂದೇ ಅಕ್ಷರ.

ಜಾಹ್ನವಿ ನೋಡಿದಳು. ಮತ್ತೊಮ್ಮೆ ನೋಡಿದಳು. ಏನನ್ನೂ ತೋರಗೊಡದೆ ಫೋನ್ ಎತ್ತಿದಳು. "ಸುಮಿಮಾಸೆನ್, ಕ್ಷಮಿಸಿ. ಒಂದು ಫೋಟೋ ತಗೊಳ್ಳಲಾ?"

"ತಗೊಳ್ಳಿ. ಸೋಮವಾರ ಹೇಗೂ ಎಲ್ಲರಿಗೂ ತೋರಿಸ್ತಾರೆ."

ಲಿಫ್ಟಿನವರೆಗೂ ಅವನು ಬಂದ. ಬಾಗಿಲು ಮುಚ್ಚುವ ಮುಂಚೆ, ತಾರಾಳ ಕೈಯ ಪೆಟ್ಟಿಗೆಯನ್ನು ನೋಡುತ್ತ, "ನಮ್ಮ ಗುಬ್ಬಚ್ಚಿ ಹೇಗಿದಾಳೆ?" ಎಂದು ಕೇಳಿದ.

"ಇದಾಳೆ," ಎಂದಳು ತಾರಾ. "ನೀವು ಬಂದು ನೋಡಿ ವರ್ಷದ ಮೇಲಾಯ್ತು."

*

ಶಿನಾಗಾವಾದ ತಾರಾಳ ಮನೆಯಲ್ಲಿ ಕಿಟಕಿಯ ಪಕ್ಕದ ಕಪಾಟಿನ ಮೇಲೆ ಬಿಳಿ ಬಟ್ಟೆ ಸುತ್ತಿದ ಒಂದು ಭರಣಿಯಿತ್ತು. ಜನವರಿ ಮೂವತ್ತರಂದು ಮಾಸ್ಕು ಗವಸು ತೊಟ್ಟ ಇಬ್ಬರು ಅದನ್ನು ಬಾಗಿಲಲ್ಲೇ ಕೊಟ್ಟು, ತಲೆ ಬಾಗಿಸಿ ಹೋಗಿದ್ದರು. ಊರಿಗೆ ಹೋದರೆ ಮರಳಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಹತ್ತು ತಿಂಗಳಿಂದ ಅದು ಹಾಗೇ ಕೂತಿತ್ತು. ಅಸ್ಥಿಗಾಗಿ ಶ್ರೀರಂಗಪಟ್ಟಣದ ಸಂಗಮ ಕಾಯುತ್ತಿತ್ತು. ನಿಶಾ ಶಾಲೆಯಿಂದ ಬಂದ ಕೂಡಲೇ ಭರಣಿಗೆ 'ತದಾಯಿಮಾ' ಅನ್ನುತ್ತಿದ್ದಳು, ಬಂದೆ ಎಂದು. ಬಂದೆಯಾ ಎನ್ನುವ ಉತ್ತರವನ್ನು ತಾರಾ ಅಡಿಗೆಮನೆಯಿಂದ ಹೇಳುತ್ತಿದ್ದಳು.

"ತಾರಕ್ಕ, ಶ್ರೀಪಾದಣ್ಣನ ಮುದ್ರೆ ಎಲ್ಲಿದೆ?" ಚಪ್ಪಲಿ ಬಿಡುತ್ತಲೇ ಜಾಹ್ನವಿ ಕೇಳಿದಳು.

"ಇಲ್ಲೇ. ಬಾಗಿಲ ಹತ್ರ."

ಈ ದೇಶದ ಎಲ್ಲರ ಮನೆಯ ಹಾಗೆ ಇಲ್ಲಿಯೂ ಸಹಿಯ ಬದಲು ಒತ್ತುವ ಮುದ್ರೆಯ ಜಾಗ ಚಪ್ಪಲಿ ಗೂಡಿನ ಮೇಲೆ. ಪಾರ್ಸೆಲ್ ಬಂದರೆ ರಶೀದಿಗೆ ಒತ್ತಿಕೊಡಲು ಕೈಗೆ ಸಿಗಬೇಕಲ್ಲ. ಕಿರುಬೆರಳಿನ ಗಾತ್ರದ ಕಟ್ಟಿಗೆಯ ತುಂಡು. ಜಾಹ್ನವಿ ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದಳು. ಸಾಮಾನ್ಯವಾಗಿ ಇಂಥ ಮುದ್ರೆಗಳ ಪಕ್ಕದಲ್ಲಿ ಒಂದು ಕಚ್ಚು ಇರುತ್ತದೆ. ತೋರುಬೆರಳು ಅಲ್ಲಿಟ್ಟು ಒತ್ತಿದರೆ ಅಕ್ಷರ ನೆಟ್ಟಗೆ ಬೀಳುತ್ತದೆ. ಇದರ ಮೈ ಪೂರ್ತಿ ನುಣುಪಾಗಿತ್ತು.

"ಇದಕ್ಕೆ ಕಚ್ಚು ಇಲ್ಲ."

"ಇಲ್ಲ. ಕ್ಯೋಟೋದಲ್ಲಿ ಮಾಡಿಸಿದ್ದು." ಹತ್ತು ತಿಂಗಳಲ್ಲಿ ಮೊದಲ ಸಲ ತಾರಾಳ ತುಟಿಯಂಚಿನಲ್ಲಿ ಏನೋ ಅಲುಗಿತು. "ಎಲ್ಲರೂ ಇಲ್ಲಿನ ಕತಕಾನಾ ಲಿಪೀಲಿ ಹೆಸರು ಕೆತ್ತಿಸ್ತಾರೆ. ಇವರು ಕನ್ನಡದಲ್ಲೇ ಬೇಕು ಅಂತ ಕಾಗದದ ಮೇಲೆ 'ಶ್ರೀ' ಬರಕೊಟ್ರಂತೆ. ಆ ಮುದುಕ ಕೆತ್ತಿಕೊಟ್ಟು, 'ಇದರ ತಲೆ ಯಾವ ಕಡೆ ಅಂತ ನನಗೆ ಗೊತ್ತಿಲ್ಲ, ಕಚ್ಚು ಹಾಕಲ್ಲ. ನಿಮಗೆ ಗೊತ್ತಿದೆಯಲ್ಲ, ಅಷ್ಟು ಸಾಕು' ಅಂದನಂತೆ. ಎಷ್ಟು ಸಲ ಹೇಳಿ ನಗ್ತಿದ್ರು."

ಜಾಹ್ನವಿ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ಅವಳ ಮುಂದೆ ಹಿಡಿದಳು. "ಈಗ ನೋಡಿ. ಆಫೀಸಲ್ಲಿ ನೀವು ನೋಡಲೇ ಇಲ್ಲ."

ತಾರಾ ನೋಡಿದಳು.

ಕೆಳಗೆ ಇರಬೇಕಾದ ಒತ್ತಕ್ಷರ ಮೇಲೆ ಕೂತಿತ್ತು. ಮೇಲಿರಬೇಕಾದ ಗುಡಿಸು ಕೆಳಗೆ ಇಳಿಬಿದ್ದಿತ್ತು. ಕಾಗದದ ಸಾಲುಗಳೆಲ್ಲ ನೆಟ್ಟಗೆ, ಅದರ ಕೊನೆಯಲ್ಲಿ ಒಂದು ಶ್ರೀ ತಲೆಕೆಳಗಾಗಿ ನೇತಾಡುತ್ತಿತ್ತು.

"ಇದು ಅವರು ಒತ್ತಿದ್ದಲ್ಲ."

"ಅಲ್ಲ."

"ನೂರೈದು ಜ್ವರ ಇದ್ರೂ ಅವರು ಶ್ರೀಕಾರ ಹೀಗೆ ಹಾಕಲ್ಲ ಜಾನು. ಓನಾಮ ಕಲಿತ ಯಾರೂ ಹಾಕಲ್ಲ." ಅವಳು ಗೋಡೆ ಹಿಡಿದುಕೊಂಡು ಚಪ್ಪಲಿಗಳ ನಡುವೆಯೇ ಕೂತಳು. ಅಳು ಬಂತು. ಈ ಅಳು ಇಷ್ಟು ದಿನ ಒಳಗೆ ಉಳಿದಿದ್ದ ಅಳುವಿಗಿಂತ ಬೇರೆಯಾಗಿತ್ತು. "ನನಗೂ ಒಂದೊಂದು ಸಲ ಅನ್ನಿಸ್ತಿತ್ತು. ನಾನು ಜ್ವರದಲ್ಲಿ ಮಲಗಿದ್ದಾಗ ಒತ್ತಿಬಿಟ್ರಾ, ಏನೋ ನಮ್ಮ ಮುಂದಿನ ದಿನ ಯೋಚಿಸಿ ಒಪ್ಪಿಬಿಟ್ರಾ ಅಂತ. ಹಾಗೆ ಅಂದುಕೊಂಡೆನಲ್ಲ ನಾನು."

ಜಾಹ್ನವಿ ಅವಳ ಭುಜದ ಮೇಲೆ ಕೈಯಿಟ್ಟಳು.

"ರಮಾಕಾಂತನ ಮೇಲೂ ಅನುಮಾನ ಪಟ್ಟೆ," ಎಂದಳು ತಾರಾ ಮೂಗು ಒರೆಸಿಕೊಳ್ಳುತ್ತ. "ಅವನಾಗಿದ್ರೆ ನೆಟ್ಟಗೇ ಒತ್ತಿರ್ತಿದ್ದ. ಪಾಪ."

ಅದು ನಿಜ. ಕನ್ನಡ ಓದಲು ಬಾರದ ಕೈ ಅದು. ಆದರೆ ಜಾಹ್ನವಿಯ ಮನಸ್ಸಿಗೆ ಆ ಹಳದಿ ಚೀಟಿ ಮತ್ತೆ ಮತ್ತೆ ಅಂಟಿಕೊಳ್ಳುತ್ತಿತ್ತು. ಅದನ್ನು ಕಿತ್ತಾಗ ಅವನು ಕಿಟಕಿ ನೋಡಿದ. ಪರದೇಶದಲ್ಲಿ ಒಂದು ಕನ್ನಡ ಅಕ್ಷರ ಕಂಡರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಅವನ ಕಣ್ಣು ಹೋಗಲಿಲ್ಲ.

ಅದನ್ನು ಬದಿಗಿಟ್ಟು ಅವಳು ಲ್ಯಾಪ್‌ಟಾಪ್ ತೆರೆದಳು. ಮುದ್ರೆಯನ್ನು ಬಿಳಿ ಹಾಳೆಯ ಮೇಲೆ ನೆಟ್ಟಗೊಮ್ಮೆ, ತಲೆಕೆಳಗಾಗಿ ಒಮ್ಮೆ ಒತ್ತಿ ಫೋಟೋ ತೆಗೆದಳು. ಸಮಿತಿಗೆ ಪತ್ರ ಬರೆಯಲು ಅರ್ಧ ಗಂಟೆ ಸಾಕಾಯಿತು. ಕೊನೆಯ ಸಾಲುಗಳನ್ನು ತಾರಾಳಿಗೆ ಕನ್ನಡದಲ್ಲಿ ಹೇಳಿದಳು: "ಈ ಮುದ್ರೆ ಒತ್ತಿದವರಿಗೆ ಕನ್ನಡ ಓದಲು ಬರುವುದಿಲ್ಲ. ಆದ್ದರಿಂದ ಇದು ಶ್ರೀಪಾದ ಅವರ ಕೈ ಅಲ್ಲ. ಹತ್ತೊಂಬತ್ತನೇ ಕಲಮನ್ನು ತೆಗೆಸಿದ್ದು ಯಾರ ಕೈಯೋ, ಆ ಹನ್ನೊಂದು ಜೀವಗಳಿಗೆ ಉತ್ತರ ಹೇಳಬೇಕಾದ ಕೈ ಅದೇ."

"ಚೆನ್ನಾಗಿದೆ," ಎಂದಳು ತಾರಾ. "ಆ ಕೊನೇದು ಹಾಗೇ ಇರಲಿ." ಎದ್ದು ಮುಖ ತೊಳೆದುಕೊಂಡು, ಕಪಾಟಿನ ಭರಣಿಯ ಮುಂದೆ ದೀಪ ಹಚ್ಚಿ, "ಇವತ್ತು ಪಾಯಸ ಮಾಡ್ತೀನಿ. ಅವರಿಗೆ ಶಾವಿಗೆ ಅಂದ್ರೆ ಆಸೆ," ಎಂದು ಅಡಿಗೆಮನೆಗೆ ಹೋದಳು. ಡಬ್ಬಿಗಳ ಸದ್ದು ಕೇಳಿಸಿತು. ತುಪ್ಪದ ವಾಸನೆ ಬಂತು.

ಜಾಹ್ನವಿ ಪತ್ರ ಕಳಿಸಿದಳು.

*

"ತದಾಯಿಮಾ."

ನಿಶಾ ಶಾಲೆಯ ಚೀಲ ಇಳಿಸಿ, ಭರಣಿಗೆ ಕೈ ಮುಗಿದು, ಮೇಜಿನ ಹತ್ತಿರ ಬಂದಳು. ಎಂಟು ವರ್ಷ. ಅಪ್ಪನ ಹುಬ್ಬು. ಹಾಳೆಯ ಮೇಲಿನ ಎರಡು ಕೆಂಪು ಗುರುತುಗಳನ್ನು ನೋಡಿದಳು.

"ಅಪ್ಪನ ಹಾಂಕೋ. ಜಾನಕ್ಕ, ಒಂದು ರಾಂಗ್ ಒತ್ತಿದೀಯ."

"ಗೊತ್ತಾಯ್ತಾ? ಯಾವುದು ರಾಂಗ್ ಹೇಳು ನೋಡೋಣ."

ನಿಶಾ ಬೆರಳಿಟ್ಟಳು. ನೆಟ್ಟಗಿದ್ದ ಶ್ರೀಯ ಮೇಲೆ.

ಜಾಹ್ನವಿಯ ನಗು ಅರ್ಧಕ್ಕೇ ನಿಂತಿತು.

"ಇದು ಹ್ಯಾಟ್ ಅಲ್ವಾ?" ನಿಶಾ ತಲೆಕೆಳಗಾದ ಗುರುತಿನ ಮೇಲ್ಭಾಗ ತೋರಿಸಿದಳು. "ಹ್ಯಾಟ್ ಮೇಲಿರಬೇಕು. ನಾನು ಯಾವಾಗ್ಲೂ ಹಾಗೇ ಮಾಡೋದು. ಅಪ್ಪ ಅಮ್ಮ ಬ್ಯೋಕಿ ಆಗಿ ಮಲಗಿದ್ದಾಗ ಎಲ್ಲಾ ನಾನೇ ಮಾಡಿದ್ದು. ಡೋರ್ ಬೆಲ್ ಬಂದ್ರೆ ಮಾಸ್ಕ್ ಹಾಕ್ಕೊಂಡು ಹೋಗಿ, ಪೊನ್." ಅವಳು ಮುಷ್ಟಿಯನ್ನು ಮೇಜಿನ ಮೇಲೆ ಒಂದು ಸಲ ಕುಟ್ಟಿದಳು. "ರೈಸ್ ಬಾಕ್ಸ್ ಬಂತು, ಪೊನ್. ಮೆಡಿಸಿನ್ ಬಂತು, ಪೊನ್."

"ಎಲ್ಲಾ ಬಾಕ್ಸೇನಾ ನಿಶಾ?" ಜಾಹ್ನವಿಗೆ ತನ್ನ ಧ್ವನಿಯೇ ದೂರದಿಂದ ಬಂದಂತೆ ಕೇಳಿಸಿತು. "ಬರೀ ಕಾಗದ ಯಾರಾದ್ರೂ ತಂದಿದ್ರಾ?"

"ಒಬ್ಬರು ತಂದ್ರು. ಬಿಗ್ ಪೇಪರ್. ಬಾಕ್ಸ್ ಇರಲಿಲ್ಲ." ನಿಶಾ ನೆನಪು ಮಾಡಿಕೊಂಡಳು. "ಅವರು ಒಳಗೆ ಬರಲಿಲ್ಲ. ಡೋರ್ ಆಚೆ ನಿಂತು, ಶೂ ಬಾಕ್ಸ್ ಮೇಲೆ ಪೇಪರ್ ಇಡು ಅಂದ್ರು. ನಾನು ಪೊನ್ ಮಾಡಿದೆ. ಅವರು ನೋಡಿ, 'ಅಯ್ಯೋ' ಅಂದ್ರು. ಆಮೇಲೆ, ಪರವಾಗಿಲ್ಲ, ಅಮ್ಮಂಗೆ ಹೇಳಬೇಡ, ಅಮ್ಮ ಮಲಗಲಿ ಅಂದ್ರು. ಕ್ಯಾಂಡಿ ಕೊಟ್ರು."

"ಮುಖ ನೋಡಿದ್ಯಾ?"

"ಮಾಸ್ಕ್. ಕ್ಯಾಪ್. ನೋಡಿಲ್ಲ." ನಿಶಾ ಹಾಳೆಯ ಮೇಲಿನ ಕೆಂಪಿಗೆ ಬೆರಳು ತಾಗಿಸಿ, ಬೆರಳ ತುದಿ ನೋಡಿಕೊಂಡಳು. ಆಮೇಲೆ ತಲೆಯೆತ್ತಿದಳು.

"ಜಾನಕ್ಕ, ಗುಬ್ಬಚ್ಚಿ ಅಂದ್ರೆ ಏನು?"

ಜಾಹ್ನವಿ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು.

"ಅವರು ನನ್ನ ಹಾಗೆ ಕರೆದ್ರು. 'ಜಾಣೆ ಕಣೇ ಗುಬ್ಬಚ್ಚಿ' ಅಂತ. ಅಮ್ಮನ್ನ ಕೇಳೋಣ ಅಂದ್ರೆ, ಹೇಳಬೇಡ ಅಂದಿದ್ರಲ್ಲ."

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತ್ತು. ಎಷ್ಟು ಹೊತ್ತಿನಿಂದ ನಿಂತಿತ್ತೋ. ತಾರಾ ಬಾಗಿಲಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ಪಾಯಸದ ಬಟ್ಟಲು. ಅವಳ ಕಣ್ಣು ಮಗಳ ಬೆರಳ ತುದಿಯ ಕೆಂಪಿನ ಮೇಲಿತ್ತು.

ಅವಳು ಬಂದು ಬಟ್ಟಲನ್ನು ಮೇಜಿನ ಮೇಲಿಟ್ಟಳು. ಸೆರಗಿಲ್ಲದ ಕುರ್ತಾದ ಅಂಚಿನಿಂದಲೇ ಮಗಳ ಬೆರಳು ಒರೆಸಿದಳು. ಒರೆಸಿದಳು, ಮತ್ತೆ ಒರೆಸಿದಳು.

"ಗುಬ್ಬಚ್ಚಿ ಅಂದ್ರೆ ಸುಝುಮೆ ಕಣೇ," ಎಂದಳು. "ಪುಟ್ಟ ಹಕ್ಕಿ. ಹೋಗು, ಬಟ್ಟೆ ಬದಲಾಯಿಸ್ಕೊಂಡು ಬಾ, ಪಾಯಸ ತಿನ್ನೋಣ."

ನಿಶಾ ಒಳಗೆ ಹೋದಳು.

ತಾರಾ ಆ ಕಟ್ಟಿಗೆಯ ತುಂಡನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಮುಚ್ಚಿದಳು. ಕಪಾಟಿನ ಮೇಲಿನ ಬಿಳಿ ಬಟ್ಟೆಯ ಕಡೆ ಒಮ್ಮೆ ನೋಡಿದಳು. ಕ್ಷಮೆ ಕೇಳುವವಳ ಹಾಗೆ ಬಹಳ ಹೊತ್ತು ನೋಡಿದಳು.

"ಜಾನು. ವರದಿಯಲ್ಲಿ ಅವರ ಹೆಸರೇ ಇರಲಿ."

"ತಾರಕ್ಕ..."

"ಅವರೂ ಇದನ್ನೇ ಹೇಳ್ತಿದ್ರು. ರಮಾಕಾಂತ ಮಾಡಿದ್ದು ಅಂತ ಹೇಳಬೇಕಾದ್ರೆ ಇವಳನ್ನ ಆ ಸ್ಕ್ರೀನ್ ಮುಂದೆ ಕೂರಿಸಬೇಕು. 'ನೀನೇ ಒತ್ತಿದ್ದಾ' ಅಂತ ಹತ್ತು ಜನ ಕೇಳ್ತಾರೆ. ಯಾವ ಕಾಗದ ಅಂತ ಇವಳಿಗೆ ಒಂದು ದಿನ ಗೊತ್ತಾಗತ್ತೆ. ಬೇಡ. ಆ ಪತ್ರ ಕಳಿಸಬೇಡ."

ಲ್ಯಾಪ್‌ಟಾಪಿನ ಪರದೆಯನ್ನು ಜಾಹ್ನವಿ ತಾರಾಳ ಕಡೆ ತಿರುಗಿಸಲಿಲ್ಲ, ಮುಚ್ಚಲೂ ಇಲ್ಲ.

ಸಮಿತಿಯ ಉತ್ತರ ಆಗಲೇ ಬಂದಿತ್ತು. ಮೊದಲು ಒಂದು ಸಾಲಿನ ಧನ್ಯವಾದ. ಅದರ ಕೆಳಗೆ ಒಂದು ಪ್ರಶ್ನೆ: ಜನವರಿ ಹದಿನೆಂಟರಂದು ಆ ಮನೆಯಲ್ಲಿ, ಕನ್ನಡ ಓದಲು ಬಾರದವರು ಯಾರಿದ್ದರು?